ಬೆರಳಗಲದ ರಿಯಾಯಿತಿ

ಜನವರಿ 14

ಅಕ್ಕಾ,

ಫೋನ್ ಮಾಡದೆ ಪತ್ರ ಬರೆದಿದ್ದಾನೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೇ ಮಾತಿಗೆ ನೀನು ಕಟ್ ಮಾಡುತ್ತೀಯ. ಪತ್ರವನ್ನಾದರೆ ಬೈದುಕೊಂಡಾದರೂ ಕೊನೆಯವರೆಗೆ ಓದುತ್ತೀಯ.

ಸುದ್ದಿ ಏನೆಂದರೆ, ಪೂಲ್ ಸಂಘದವರು ನನ್ನನ್ನು ಪ್ರಚಾರಾಧಿಕಾರಿ ಮಾಡಿದ್ದಾರೆ. ಕೆಲಸ ಒಂದೇ ಸಾಲಿನದು: ಮೇಜಿನ ಮೇಲೆ ಚೆಂಡು ಹೊಡೆಯುವ ನಮ್ಮ ಈ ಆಟವನ್ನು ಸಾಮಾನ್ಯ ಜನರಿಗೆ, ಅದರಲ್ಲೂ ಹುಡುಗ ಹುಡುಗಿಯರಿಗೆ ಮುಟ್ಟಿಸುವುದು. ಪೂಲ್ ಹಾಲ್ ಎಂದರೆ ಸಿಗರೇಟಿನ ಹೊಗೆ, ಮಂಕು ದೀಪ, ಕೆಲಸವಿಲ್ಲದ ಗಂಡಸರು ಎಂದು ತಾಯಂದಿರು ಮೂಗು ಮುರಿಯುತ್ತಾರೆ. ಅದು ಬದಲಾಗಬೇಕು. ಅಪ್ಪನ ಹಾಲನ್ನೇ ಮೊದಲ ಮಾದರಿ ಹಾಲ್ ಮಾಡೋಣ ಎಂದು ನಾನೇ ಮುಂದೆ ನಿಂತು ಎಲ್ಲರನ್ನೂ ಒಪ್ಪಿಸಿದ್ದೇನೆ. ಬೀದಿಯ ಕಡೆಯ ಗೋಡೆ ಒಡೆಸಿ ಗಾಜು ಹಾಕಿಸು. ಬಾಗಿಲ ಮೇಲಿನ ‘ಮಕ್ಕಳಿಗೆ ಪ್ರವೇಶವಿಲ್ಲ’ ಬೋರ್ಡ್ ಕಿತ್ತುಹಾಕು.

ಇನ್ನೊಂದು ವಿಷಯ. ಓದಿ ಪತ್ರ ಹರಿಯಬೇಡ. ಮೊದಲ ದಿನ ಒಂದು ಚೆಂಡನ್ನೂ ಪಾಕೆಟ್ಟಿಗೆ ಹಾಕಲಾಗದ ಮಗು ಎರಡನೇ ದಿನ ಬರುವುದಿಲ್ಲ. ಹಾಗಾಗಿ ಪಾಕೆಟ್ಟುಗಳ ಬಾಯಿಯನ್ನು ಒಂದು ಬೆರಳಗಲ ದೊಡ್ಡದು ಮಾಡಬೇಕೆಂದು ಸಂಘದ ತೀರ್ಮಾನ. ನಿನ್ನ ಕೈಯಲ್ಲಿ ಆಗದ ಕೆಲಸವೇ? ಈಚಿನ ಮೂರು ಮೇಜುಗಳಿಗೆ ಮಾತ್ರ. ಅಪ್ಪನ ಮೇಜನ್ನು ಮುಟ್ಟಬೇಡ.

ಕಡ್ಡಿ ಹೇಗಿದ್ದಾಳೆ? ಹದಿನೈದು ತುಂಬಿತಲ್ಲ, ಈಗಲಾದರೂ ಸ್ವಲ್ಪ ಮೈ ಹಿಡಿದಳೋ, ಇಲ್ಲ ಕ್ಯೂ ಕೋಲಿನ ಪಕ್ಕದಲ್ಲಿ ನಿಂತರೆ ಕೋಲು ಯಾವುದು ನಿನ್ನ ಮಗಳು ಯಾವುದು ಎಂದು ಇನ್ನೂ ಹುಡುಕಬೇಕೋ?

ನಿನ್ನ ತಮ್ಮ

ಜನವರಿ 29

ಪ್ರಚಾರಾಧಿಕಾರಿಗಳೇ,

ಗಾಜು ಹಾಕಿಸುತ್ತೇನೆ. ಬೋರ್ಡ್ ಕೀಳುತ್ತೇನೆ. ಹೊಗೆ ನಿಲ್ಲಿಸಿ ಎರಡು ವರ್ಷವಾಯಿತು, ನೀನು ಈ ಕಡೆ ತಲೆ ಹಾಕಿದ್ದರೆ ಗೊತ್ತಿರುತ್ತಿತ್ತು. ಆದರೆ ಪಾಕೆಟ್ಟಿನ ಬಾಯಿ ಮಾತ್ರ ಕೊಯ್ಯುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಸಂಘದವರು ಅವಳನ್ನೂ ಮೀರಿಸಿದರು, ನೆಲವನ್ನೇ ಡೊಂಕು ಮಾಡಿಕೊಡುತ್ತೇವೆ ಕುಣಿಯಮ್ಮಾ ಅನ್ನುತ್ತಿದ್ದಾರೆ.

ಮೇಜು ಕೂರಿಸಿ ರಿಪೇರಿ ಮಾಡುವ ಫಿಟ್ಟರ್ ಕೆಲಸ ನಿನಗೆ ಮರೆತಿರಬಹುದು. ಕಲಿತಿದ್ದರೆ ತಾನೆ ಮರೆಯುವುದು. ಪಾಕೆಟ್ಟಿನ ಎರಡೂ ಪಕ್ಕದ ಅಂಚಿನ ಕುಶನ್ ರಬ್ಬರಿನ ಮೂತಿ ಕೊಯ್ದು, ಮೇಲೆ ಹೊದಿಸಿದ ಬಟ್ಟೆಯನ್ನು ಮತ್ತೆ ಎಳೆದು ಬಿಗಿಯಬೇಕು. ಕೊಯ್ಯಲು ಅರ್ಧ ಗಂಟೆ ಸಾಕು. ಕೊಯ್ದದ್ದನ್ನು ಮೊದಲಿನಂತೆ ಮಾಡಬೇಕೆಂದರೆ ಇಡೀ ಕುಶನ್ನೇ ಹೊಸದು ಹಾಕಬೇಕು. ಅಪ್ಪ ಪ್ರತಿ ಬಾಯಿಗೂ ಎರಡು ಚೆಂಡು ಅಕ್ಕಪಕ್ಕ ಇಟ್ಟು ನೂಕಿ ನೋಡುತ್ತಿದ್ದರು. ಎರಡೂ ಒಟ್ಟಿಗೆ ಒಳಗೆ ಬಿದ್ದರೆ, ‘ಇದು ಮೇಜಲ್ಲ ಕಣಮ್ಮಾ, ಜರಡಿ’ ಅನ್ನುತ್ತಿದ್ದರು.

ಕಡ್ಡಿ ಮೈ ಹಿಡಿದಿಲ್ಲ, ಹಠ ಹಿಡಿದಿದ್ದಾಳೆ. ಆಡಿದರೆ ಅಜ್ಜನ ಮೇಜಿನಲ್ಲೇ ಆಡಬೇಕಂತೆ, ಅದೂ ಅಪ್ಪನ ಕಾಲದಿಂದ ಆಡುತ್ತಿರುವ ಹಳೇ ಹುಲಿಗಳ ಜೊತೆ. ನಮ್ಮ ಹಾಲಿನ ಕಟ್ಟುಪಾಡು ನಿನಗೆ ಗೊತ್ತು: ಗೆದ್ದವರು ಮೇಜು ಬಿಡುವುದಿಲ್ಲ, ಸೋತವರು ಮುಂದಿನ ಆಟಕ್ಕೆ ಚೆಂಡು ಜೋಡಿಸಿಕೊಟ್ಟು ಗೋಡೆ ಪಕ್ಕ ನಿಲ್ಲಬೇಕು. ಶಾಲೆ ಬಿಟ್ಟು ಬಂದಳೆಂದರೆ ಜೋಡಿಸುವುದೇ ಜೋಡಿಸುವುದು. ಹುಡುಗರು ‘ಜೋಡಿಸೋಳು’ ಎಂದು ಹೆಸರಿಟ್ಟಿದ್ದಾರೆ. ಕೈ ಬಿರುಸು ಅವಳದು. ಚೆಂಡು ಬಾಯಿಯ ಆ ಪಕ್ಕಕ್ಕೆ ಬಡಿದು, ಈ ಪಕ್ಕಕ್ಕೆ ಬಡಿದು, ಹೊರಗೇ ನಿಲ್ಲುತ್ತದೆ. ‘ಮೆಲ್ಲಗೆ ಹೊಡಿಯೇ’ ಅಂದರೆ ‘ನಾನು ಹೊಡಿಯೋದೇ ಹಿಂಗೆ’ ಅನ್ನುತ್ತಾಳೆ. ಯಾರ ಹಾಗೆ ಎಂದು ನಾನು ಹೇಳಬೇಕಾಗಿಲ್ಲ.

ಅಕ್ಕ

ಫೆಬ್ರವರಿ 20

ಅಕ್ಕಾ,

ನೀನು ಬೈದದ್ದೆಲ್ಲ ಮುಟ್ಟಿತು. ಈಗ ನಾನು ಹೇಳುವುದನ್ನೂ ಸ್ವಲ್ಪ ಕೇಳು.

ಇಲ್ಲಿ ಒಂದು ಶಾಲೆಯ ಅಂಗಳದಲ್ಲಿ ಎರಡು ಮೇಜು ಹಾಕಿಸಿದ್ದೆವು. ಒಂದು ಬಿಗಿ ಬಾಯಿಯದು, ಒಂದು ಅಗಲಿಸಿದ್ದು. ಮಕ್ಕಳಿಗೆ ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಗಿ ಮೇಜಿನ ಸುತ್ತ ನರಪಿಳ್ಳೆ ಇಲ್ಲ, ಇನ್ನೊಂದರ ಸುತ್ತ ನೂಕುನುಗ್ಗಲು. ಒಬ್ಬಳು ಪುಟ್ಟ ಹುಡುಗಿ ಮೊದಲ ಚೆಂಡು ಬಿದ್ದದ್ದೇ ಕ್ಯೂ ಎಸೆದು ಕುಣಿದುಬಿಟ್ಟಳು. ಅದನ್ನು ನೋಡಿದ್ದರೆ ನೀನೂ ಕತ್ತಿ ಹಿಡಿಯುತ್ತಿದ್ದೆ.

ಬಿಗಿ ಬಾಯಿಯೇ ದೊಡ್ಡದು ಎಂದು ಕೂತರೆ, ಆ ಹಳೇ ಹುಲಿಗಳ ಹಲ್ಲು ಉದುರಿದ ಮೇಲೆ ನಿನ್ನ ಹಾಲಿಗೆ ಬರುವವರು ಯಾರು? ಅಪ್ಪನಿದ್ದಾಗ ನಾಲ್ಕು ಮೇಜೂ ತುಂಬಿರುತ್ತಿದ್ದವು. ಈಗ ಎಷ್ಟು? ನಾನು ಕೇಳಿದ್ದಕ್ಕೆ ಸಿಟ್ಟು ಬಂದರೆ, ಉತ್ತರ ನಿನಗೇ ಗೊತ್ತಿದೆ ಎಂದರ್ಥ.

ತಮ್ಮ

ಮಾರ್ಚ್ 22

ತಮ್ಮಾ,

ನೀನು ಗೆದ್ದೆ. ಮೂರೂ ಮೇಜು ಕೊಯ್ದೆ.

ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ ಮಕ್ಕಳು ಮೊದಲ ವಾರ ಇಬ್ಬರು ಬಂದರು, ಮುಂದಿನ ವಾರ ಹನ್ನೆರಡು. ಈಗ ಶಾಲೆ ಬಿಡುವ ಹೊತ್ತಿಗೆ ಹಾಲಿನಲ್ಲಿ ಸಂತೆ. ತಾಯಂದಿರು ಒಳಗೆ ಬಂದು ಬೆಂಚಿನ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಆ ಹರಟೆಯಲ್ಲಿ ನಾನೂ ಸೇರುತ್ತೇನೆ, ಸುಳ್ಳೇಕೆ ಹೇಳಲಿ. ಅಪ್ಪ ಹೋದ ಮೇಲೆ ಈ ಹಾಲಿನಲ್ಲಿ ನಗು ಕೇಳಿದ್ದು ಇದೇ ಮೊದಲು.

ಕಡ್ಡಿಗೆ ಮಾತ್ರ ಇದೆಲ್ಲ ಹಿಡಿಸಿಲ್ಲ. ‘ಅದು ಮಕ್ಕಳ ಮೇಜು’ ಎಂದು ಆ ಕಡೆ ತಿರುಗಿಯೂ ನೋಡುವುದಿಲ್ಲ. ಅಜ್ಜನ ಮೇಜಿಗೇ ಜೋತುಬಿದ್ದಿದ್ದಾಳೆ, ಸೋಲುತ್ತಾಳೆ, ಜೋಡಿಸುತ್ತಾಳೆ. ಅವಳ ಕಣ್ಣೆದುರೇ ಎಂಟು ವರ್ಷದವರು ‘ಬಿತ್ತು ಬಿತ್ತು’ ಎಂದು ಕೂಗುತ್ತಿರುತ್ತಾರೆ. ರಾತ್ರಿ ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಕೈ ತೊಳೆಯುತ್ತಾಳೆ.

ಅಕ್ಕ

ಏಪ್ರಿಲ್ 11

ಅಕ್ಕಾ,

ನಿನ್ನ ಹಾಲಿನ ಚಿತ್ರಗಳನ್ನು ಸಂಘದ ಸಭೆಯಲ್ಲಿ ತೋರಿಸಿದೆ. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪನ ಹೆಸರನ್ನು ಎರಡು ಸಲ ಹೇಳಿದೆ.

ಈಗ ನಮಗೆ ಒಂದು ಮುಖ ಬೇಕು. ಹುಡುಗಿಯಾದರೆ ಇನ್ನೂ ಒಳ್ಳೆಯದು. ಹಾಲಿನಲ್ಲೇ ಹುಟ್ಟಿ ಬೆಳೆದವಳು, ಫಿಟ್ಟರ್ ತಾಯಿಯ ಮಗಳು, ಹಳೇ ಹುಲಿಗಳನ್ನು ಮಣಿಸಿದವಳು ಎಂದರೆ ಯಾರು ತಿರುಗಿ ನೋಡುವುದಿಲ್ಲ ಹೇಳು. ಕಡ್ಡಿ ಗೆಲ್ಲಲು ಶುರು ಮಾಡಿದರೆ ತಿಳಿಸು.

ತಮ್ಮ

ಮೇ 6

ತಮ್ಮಾ,

ಉತ್ತರ ತಡವಾಯಿತು. ಏಪ್ರಿಲ್ ಮಧ್ಯದಲ್ಲಿ ಒಂದು ದಿನ ಹಾಲ್ ಮುಚ್ಚಿ ಅಪ್ಪನ ಮೇಜಿಗೆ ಹೊಸ ಬಟ್ಟೆ ಹಾಕಿದೆ, ಆಮೇಲೆ ಕೆಲಸದ ಮೇಲೆ ಕೆಲಸ.

ಕಡ್ಡಿ ಗೆಲ್ಲುತ್ತಿದ್ದಾಳೆ ಕಣೋ! ಮೂರು ವಾರದಿಂದ ಮೇಜು ಬಿಟ್ಟಿಲ್ಲ. ಅದೇ ಬಿರುಸು ಕೈ, ಹೊಡೆದದ್ದೆಲ್ಲ ಒಳಗೆ. ಹಳೇ ಹುಲಿಗಳು ಎದುರಾಳಿಗೆ ಸಿಗದಂತೆ ಚೆಂಡನ್ನು ಬಚ್ಚಿಟ್ಟು ಕಾದು ಕೂರುವ ಆಟದವರು. ಇವಳು ಅವರಿಗೆ ಸರದಿಯನ್ನೇ ಕೊಡುವುದಿಲ್ಲ. ಈಗ ಅವರೇ ಚೆಂಡು ಜೋಡಿಸಿಕೊಡುತ್ತಿದ್ದಾರೆ. ನಿನ್ನೆ ಊಟದ ಹೊತ್ತಿಗೆ ‘ಅಮ್ಮಾ, ನನಗೆ ಒಂದೇ ಸಲಕ್ಕೆ ಹೆಂಗೆ ಬಂದ್‌ಬಿಡ್ತು ನೋಡು!’ ಎಂದು ಎರಡು ಸಲ ಅನ್ನ ಹಾಕಿಸಿಕೊಂಡಳು.

ಹೊಸ ಬಟ್ಟೆಯ ಗುಣವೋ, ಹುಡುಗಿಯ ಕಾಲವೋ. ನನಗೇನು ಗೊತ್ತು.

ಅಕ್ಕ

ಜೂನ್ 30

ಅಕ್ಕಾ,

ಊರಿಗೆ ಬಂದು ಹೋದದ್ದು ಮನಸ್ಸಿಗೆ ಹಿತವಾಯಿತು. ನಾವಿಬ್ಬರೂ ಮೂರು ದಿನ ಒಂದೇ ಸೂರಿನಡಿ ಜಗಳವಿಲ್ಲದೆ ಇದ್ದೆವು, ಅದನ್ನೂ ಪೋಸ್ಟರ್ ಮಾಡಿಸಬಹುದು.

ಕಡ್ಡಿಯ ಆಟ ನೋಡಿದೆ. ಏನು ಹೇಳಲಿ! ಆ ಮುಖದ ಧೈರ್ಯ ಒಂದೇ ಸಾಕು. ಅಧ್ಯಕ್ಷರಿಗೆ ವಿಡಿಯೊ ತೋರಿಸಿದೆ, ಕೂತಲ್ಲೇ ಒಪ್ಪಿದರು. ‘ತಪ್ಪದ ಹುಡುಗಿ’ ಎಂದು ದೊಡ್ಡಕ್ಷರದಲ್ಲಿ ಪೋಸ್ಟರ್ ಬರುತ್ತಿದೆ, ಬಸ್ ನಿಲ್ದಾಣಗಳಲ್ಲೆಲ್ಲ ಅವಳೇ. ಸೆಪ್ಟೆಂಬರ್ 16ಕ್ಕೆ ಇಲ್ಲಿ ಮಹಿಳಾ ಚಾಂಪಿಯನ್ ಜೊತೆ ಅವಳ ಪ್ರದರ್ಶನ ಪಂದ್ಯ, ನೇರ ಪ್ರಸಾರ. ಗೆಲ್ಲಬೇಕಾಗಿಲ್ಲ. ನಾಲ್ಕು ಒಳ್ಳೆಯ ಹೊಡೆತ ಹೊಡೆದರೆ ಸಾಕು. ಆಮೇಲೆ ಸಂಘದ ಖರ್ಚಿನಲ್ಲೇ ಇಲ್ಲಿ ತರಬೇತಿ, ಓದು, ಎಲ್ಲ.

ತಮ್ಮ

ಜುಲೈ 12

ತಮ್ಮಾ,

ವಿಷಯ ಕೇಳಿ ಕಡ್ಡಿ ನೆಲದ ಮೇಲಿಲ್ಲ. ಅವಳ ಬದುಕಿಗೆ ಒಂದು ದಾರಿ ಆಗುತ್ತದೆ ಎಂದು ನನಗೂ ಆಸೆ.

ಒಂದೇ ಪ್ರಶ್ನೆ. ಅಲ್ಲಿಯ ಮೇಜಿನ ಪಾಕೆಟ್ಟಿನ ಬಾಯಿ ಎಷ್ಟು? ಅಳತೆ ಬರೆದು ಕಳಿಸು.

ಅಕ್ಕ

ಜುಲೈ 25

ಅಕ್ಕಾ,

ಕಡ್ಡಿಗೆ ಕಪ್ಪು ಕೋಟು ಹೊಲಿಯಲು ಕೊಟ್ಟಿದ್ದೇನೆ, ಭುಜದ ಅಳತೆ ಕಳಿಸು. ರೈಲು ಟಿಕೆಟ್ ಇದರ ಜೊತೆಗಿದೆ. ನಿಲ್ದಾಣಕ್ಕೆ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಅಲ್ಲಿಯ ದೀಪಗಳು ಕಣ್ಣಿಗೆ ಹೊಡೆಯುತ್ತವೆ, ಮೊದಲೇ ಹೇಳಿರು. ವೇದಿಕೆ ಸುತ್ತ ಆರುನೂರು ಕುರ್ಚಿ, ಎಲ್ಲ ಶಾಲಾ ಮಕ್ಕಳಿಗೇ ಮೀಸಲು.

ಮೇಜಿನ ಚಿಂತೆ ನನಗಿರಲಿ.

ತಮ್ಮ

ಆಗಸ್ಟ್ 9

ತಮ್ಮಾ,

ಭುಜದ ಅಳತೆ ಹದಿನಾಲ್ಕು ಇಂಚು. ನಾನು ಕೇಳಿದ ಅಳತೆ ನೀನು ಕಳಿಸಲಿಲ್ಲ.

ಅವಳಿಗೆ ಒಂದು ವಿಷಯ ಹೇಳಬೇಕೆಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಅವಳು ಹಾಡು ಗುನುಗುತ್ತಾ ತಲೆ ಬಾಚಿಕೊಳ್ಳುವುದನ್ನು ನೋಡಿದರೆ ಬಾಯಿ ಬರುವುದಿಲ್ಲ. ಮೇಜಿನ ಚಿಂತೆ ನಿನಗಿರಲಿ ಎಂದಿದ್ದೀಯಲ್ಲ, ಏನಾದರೂ ವ್ಯವಸ್ಥೆ ಮಾಡಿರುತ್ತೀಯ ಎಂದು ನಂಬಿದ್ದೇನೆ. ಹಾಲ್ ಬಿಟ್ಟು ನಾನು ಬರಲಾಗುವುದಿಲ್ಲ. ಅವಳನ್ನು ನಿನ್ನ ಕೈಗೆ ಕೊಟ್ಟಿದ್ದೇನೆ.

ಅಕ್ಕ

ಸೆಪ್ಟೆಂಬರ್ 18

ಅಕ್ಕಾ,

ಈ ಪತ್ರ ಕೈ ಸೇರುವ ಮೊದಲೇ ಕಡ್ಡಿ ಮನೆ ಸೇರಿರುತ್ತಾಳೆ. ನೀನೂ ನೋಡಿರುತ್ತೀಯ. ದೊಡ್ಡ ವೇದಿಕೆ, ಚಿಕ್ಕ ವಯಸ್ಸು, ಕಣ್ಣಿಗೆ ದೀಪ. ಇಂಥದ್ದು ಎಷ್ಟೋ ಜನರಿಗೆ ಆಗಿದೆ. ಚಾಂಪಿಯನ್ ಕೂಡ ಅವಳ ಬೆನ್ನು ತಟ್ಟಿದರು. ನಿಲ್ದಾಣದಲ್ಲಿ ಅವಳ ಚೀಲ ಹಿಡಿಯಲು ಹೋದೆ, ಕೊಡಲಿಲ್ಲ, ಸೋತ ಸಿಟ್ಟು ಎಂದುಕೊಂಡೆ.

ಚೆನ್ನಾಗಿ ನಿದ್ದೆ ಮಾಡಲಿ. ಮಕ್ಕಳು ಬೇಗ ಮರೆಯುತ್ತಾರೆ.

ತಮ್ಮ

ಸೆಪ್ಟೆಂಬರ್ 29

ತಮ್ಮಾ,

ನೋಡಿದೆ. ಹಾಲಿನಲ್ಲೇ ದೊಡ್ಡ ಪರದೆ ಹಾಕಿಸಿದ್ದೆ, ಐವತ್ತು ಮಕ್ಕಳು, ಅವರ ತಾಯಂದಿರು, ಹಳೇ ಹುಲಿಗಳು ಎಲ್ಲರೂ ಇದ್ದರು. ಮೊದಲ ಚೆಂಡು ಬಾಯಿಗೆ ಬಡಿದು ಹೊರಗೆ ನಿಂತಿತು. ಎರಡನೆಯದು, ಮೂರನೆಯದು. ಅವಳು ಇನ್ನೂ ಬಿರುಸಾಗಿ ಹೊಡೆಯತೊಡಗಿದಳು. ಆರನೆಯದಕ್ಕೆ ನಿಮ್ಮ ವೀಕ್ಷಕ ವಿವರಣೆಯವನು ‘ತಪ್ಪದ ಹುಡುಗಿ ಮತ್ತೆ ತಪ್ಪಿದಳು’ ಎಂದು ನಕ್ಕ. ಆಗ ನನ್ನ ಹಾಲಿನ ಮಕ್ಕಳೂ ನಕ್ಕರು. ಒಂಬತ್ತು ಸಲ ಕಣೋ. ಒಂಬತ್ತನೆಯದಾದ ಮೇಲೆ ಅವಳು ಕ್ಯೂ ಕೆಳಗಿಟ್ಟು, ಬಾಯಿಯ ಹತ್ತಿರ ಬಗ್ಗಿ, ಒಳಗೆ ಬೆರಳಿಟ್ಟು ನೋಡಿದಳಲ್ಲ, ಆಗಲೇ ಅವಳಿಗೆ ಎಲ್ಲ ತಿಳಿಯಿತು. ಅವಳು ಫಿಟ್ಟರ್ ತಾಯಿಯ ಮಗಳು.

ಈಗ ನನ್ನ ಪಾಪ ಕೇಳು. ಏಪ್ರಿಲ್‌ನಲ್ಲಿ ಒಂದು ಸಂಜೆ ಅವಳು ಕ್ಯೂ ಬಿಚ್ಚಿ ಚೀಲಕ್ಕೆ ಹಾಕಿ, ‘ಇದನ್ನ ಯಾರಿಗಾದ್ರೂ ಕೊಟ್‌ಬಿಡಮ್ಮ, ನನ್ ಕೈಲಿ ಆಗಲ್ಲ’ ಅಂದಳು. ಅಳಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಮರುದಿನ ಅವಳು ಗೆಳತಿಯ ಮನೆಗೆ ಹೋದ ಮೇಲೆ ಬಾಗಿಲು ಹಾಕಿ ಅಪ್ಪನ ಮೇಜಿನ ಆರೂ ಬಾಯಿ ಕೊಯ್ದೆ. ಹೊಸ ಬಟ್ಟೆಯ ಹೆಸರಿನಲ್ಲಿ ಎಲ್ಲ ಮುಚ್ಚಿಹೋಯಿತು. ಅವಳ ಚೆಂಡು ಎಲ್ಲೆಲ್ಲಿ ಬಡಿಯುತ್ತಿತ್ತು ಎಂದು ನನಗೆ ಗೊತ್ತಿತ್ತಲ್ಲ, ಅಲ್ಲಿ ಇನ್ನೊಂದಿಷ್ಟು ಹೆಚ್ಚು ಕೊಯ್ದೆ. ಮಗಳ ತಪ್ಪಿನ ಅಳತೆಗೆ ಮೇಜು ಹೊಲಿದುಕೊಟ್ಟೆ. ಅವಳು ಕೈ ಮೆತ್ತಗೆ ಮಾಡಿಕೊಳ್ಳಲು ಇದ್ದ ಒಂದೇ ಕಾರಣವನ್ನೂ ನಾನೇ ಕಿತ್ತುಹಾಕಿದೆ.

ರೈಲಿನಿಂದ ನೇರವಾಗಿ ಹಾಲಿಗೆ ಬಂದಳು. ಹೆಗಲ ಚೀಲವನ್ನೂ ಇಳಿಸಲಿಲ್ಲ. ಎರಡು ಚೆಂಡು ತೆಗೆದುಕೊಂಡು ಅಜ್ಜನ ಮೇಜಿನ ಆರೂ ಬಾಯಿಗೆ ಅಕ್ಕಪಕ್ಕ ಇಟ್ಟು ನೂಕಿದಳು. ಆರರಲ್ಲೂ ಎರಡೂ ಬಿದ್ದವು.

‘ಯಾವಾಗಿಂದ?’ ಅಂದಳು.

‘ಏಪ್ರಿಲ್‌ನಿಂದ.’

‘ಅಂದ್ರೆ ಗೆದ್ದಿದ್ರಲ್ಲಿ ಒಂದೂ ನಂದಲ್ಲ.’

ಹಾಗಲ್ಲ ಕಣೇ ಎಂದು ನಾನು ಏನೇನೋ ಬಡಬಡಿಸಿದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ‘ಮಾವಂಗೂ ಗೊತ್ತಿತ್ತು’ ಅಂದಳು. ‘ಜೂನ್‌ನಲ್ಲಿ ಬಂದಾಗ ನೀನು ಟೀ ಮಾಡೋಕೆ ಒಳಗೆ ಹೋಗಿದ್ದೆ. ಮಾವ ಎರಡು ಚೆಂಡು ಮೂಲೇಲಿಟ್ಟು ನೂಕಿ ನೋಡಿದ್ರು. ಏನ್ ಮಾವ ಅಂದೆ. ಬಟ್ಟೆ ಚೆನ್ನಾಗಿದೆ ಕಣೇ ಅಂದ್ರು. ಆಗ ನಂಗೆ ಹೊಳೀಲಿಲ್ಲ.’

ಗೊತ್ತಿದ್ದೂ ಕರೆಸಿದೆಯಾ? ನಾನು ತಾಯಿ, ಕುರುಡಾಗಿದ್ದೆ. ನಿನಗೇನಾಗಿತ್ತು ರೋಗ?

ಅಕ್ಕ

ಅಕ್ಟೋಬರ್ 17

ಅಕ್ಕಾ,

ಹೌದು, ನೂಕಿ ನೋಡಿದ್ದೆ. ಗೊತ್ತಾಯಿತು. ಅವಳ ಮುಖದ ಆ ನಗು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಊರಿಗೆ ಬರುವ ಮೊದಲೇ ಪೋಸ್ಟರಿನ ಮಾತು ಅಧ್ಯಕ್ಷರ ಮುಂದೆ ಆಡಿಬಿಟ್ಟಿದ್ದೆ. ಪಂದ್ಯದ ಮೇಜಿನ ಬಾಯಿಯನ್ನೂ ಅಗಲಿಸೋಣ ಎಂದು ಒಮ್ಮೆ ಕೇಳಿದೆ, ಚಾಂಪಿಯನ್ ಒಪ್ಪಲಿಲ್ಲ. ಎರಡನೇ ಸಲ ಕೇಳಲು ನನಗೆ ಧೈರ್ಯವಾಗಲಿಲ್ಲ, ಕಾರಣ ಹೇಳಬೇಕಾಗುತ್ತಿತ್ತು. ಹೇಗೋ ನಡೆದುಹೋಗುತ್ತದೆ ಎಂದುಕೊಂಡೆ.

ಆದರೆ ಒಂದು ಮಾತು. ಕೊಯ್ದವಳು ನೀನು, ಬಾಯಿ ಮುಚ್ಚಿಕೊಂಡವನು ನಾನು. ನನ್ನೊಬ್ಬನನ್ನೇ ಗಲ್ಲಿಗೇರಿಸಬೇಡ. ಅಪ್ಪ ನನ್ನ ಕೈಗೆ ಆ ಕತ್ತಿಯನ್ನು ಒಂದು ದಿನವೂ ಕೊಡಲಿಲ್ಲ. ಕೊಟ್ಟಿದ್ದರೆ ನಾನೂ ಅಲ್ಲೇ ಇರುತ್ತಿದ್ದೆ, ಹೀಗೆ ಬರೀ ಮಾತು ಮಾರಿಕೊಂಡು ಬದುಕುತ್ತಿರಲಿಲ್ಲ.

ಹೇಳಬೇಕೋ ಬೇಡವೋ ಗೊತ್ತಿಲ್ಲ, ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ. ಆ ಒಂಬತ್ತು ತಪ್ಪುಗಳ ವಿಡಿಯೊವನ್ನು ಲಕ್ಷಾಂತರ ಜನ ನೋಡಿದ್ದಾರೆ. ನಗಲು ನೋಡಿದರು, ನಿಜ. ಆದರೆ ನೋಡಿದವರು ‘ನಾನಾದ್ರೆ ಹಾಕ್ತಿದ್ದೆ’ ಎಂದು ಹಾಲ್‌ಗಳಿಗೆ ನುಗ್ಗುತ್ತಿದ್ದಾರೆ. ಎಲ್ಲ ಊರುಗಳಲ್ಲೂ ಮೇಜು ಸಾಲುತ್ತಿಲ್ಲ. ಸಂಘದವರಿಗೆ ಹಿಡಿಯಲಾರದಷ್ಟು ಸಂತೋಷ. ಕಡ್ಡಿಯನ್ನೇ ಇಟ್ಟುಕೊಂಡು ಇನ್ನೊಂದು ಪೋಸ್ಟರ್ ಮಾಡೋಣ ಎನ್ನುತ್ತಾರೆ, ‘ತಪ್ಪಿದರೂ ತಪ್ಪಿಲ್ಲ, ಬನ್ನಿ ಆಡಿ’ ಎಂದು. ತರಬೇತಿಯ ಮಾತನ್ನು ಈಗಲೂ ಉಳಿಸಿಕೊಳ್ಳುತ್ತಾರಂತೆ. ಅವಳನ್ನು ಒಮ್ಮೆ ಕೇಳಿ ನೋಡು.

ತಮ್ಮ

ನವೆಂಬರ್ 8

ತಮ್ಮಾ,

ಕೇಳಲಿಲ್ಲ. ಕೇಳುವುದೂ ಇಲ್ಲ. ನಿನ್ನನ್ನು ಗಲ್ಲಿಗೇರಿಸುವ ಯೋಗ್ಯತೆ ನನಗಿಲ್ಲ, ಅದು ಸರಿಯಾಗಿಯೇ ಹೇಳಿದೆ. ಇಬ್ಬರೂ ಸೇರಿಯೇ ಆ ಕೂಸನ್ನು ಬಾವಿಗೆ ನೂಕಿದೆವು, ಯಾರ ಕೈ ಮೇಲಿತ್ತು ಎಂದು ಈಗ ನೋಡಿ ಏನಾಗಬೇಕು.

ನಿನ್ನ ಯೋಜನೆ ಗೆದ್ದಿದೆ ಎಂದು ಅಧ್ಯಕ್ಷರಿಗೆ ಹೇಳು. ಹಾಲಿನ ಹೊರಗೆ ಬೀದಿಯವರೆಗೂ ಸರದಿ ನಿಲ್ಲುತ್ತದೆ. ಎಷ್ಟೋ ಮಕ್ಕಳು ಮೊದಲ ದಿನ ಬಂದು ಅವಳು ಯಾವ ಮೇಜಿನಲ್ಲಿ ಆಡುತ್ತಿದ್ದಳು ಎಂದು ಕೇಳುತ್ತಾರೆ. ಅವಳು ಹಾಲಿಗೆ ಕಾಲಿಡುವುದಿಲ್ಲ. ಹಿಂದಿನ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಬರುತ್ತಾಳೆ. ನನ್ನ ಜೊತೆ ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಡುವುದಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಬಡಿಸಿದ್ದು ಉಣ್ಣುತ್ತಾಳೆ. ಅಡುಗೆ ಹೇಗಿದೆಯೇ ಎಂದರೆ ‘ಚೆನ್ನಾಗಿದೆ’ ಎಂದು ನೆಂಟರ ಮನೆಯಲ್ಲಿ ಹೇಳುವಂತೆ ಹೇಳುತ್ತಾಳೆ.

ಮೊನ್ನೆ ಶಾಲೆಯಲ್ಲಿ ಗಣಿತದ ಅಂಕ ಕೊಟ್ಟರು. ನೂರಕ್ಕೆ ತೊಂಬತ್ತನಾಲ್ಕು, ಇಡೀ ತರಗತಿಗೇ ಹೆಚ್ಚು. ಉತ್ತರ ಪತ್ರಿಕೆ ತಂದು ಅಡುಗೆ ಕಟ್ಟೆಯ ಮೇಲಿಟ್ಟಳು. ನನಗೆ ಎಷ್ಟೋ ದಿನದ ಮೇಲೆ ಜೀವ ಬಂದ ಹಾಗಾಯಿತು, ಒದ್ದೆ ಕೈಯಲ್ಲೇ ತಬ್ಬಿಕೊಳ್ಳಲು ಹೋದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

‘ಅಮ್ಮಾ, ನಿಜ ಹೇಳು. ಮೇಷ್ಟ್ರ ಹತ್ರ ಏನಾದ್ರೂ ಮಾತಾಡಿದ್ಯಾ?’

‘ಅಯ್ಯೋ ಇಲ್ಲ ಕಣೇ! ಆ ಮೇಷ್ಟ್ರು ಕಪ್ಪೋ ಬಿಳುಪೋ ನನಗೆ ಗೊತ್ತಿಲ್ಲ.’

‘ಮಾವ?’

‘ನಿನ್ನಾಣೆಗೂ ಇಲ್ಲ.’

ನನ್ನ ಮುಖವನ್ನೇ ನೋಡಿದಳು, ಸುಳ್ಳು ಎಲ್ಲಿದೆ ಎಂದು ಹುಡುಕುವವಳ ಹಾಗೆ. ‘ಸರಿ ಬಿಡು’ ಅಂದಳು. ಮರುದಿನ ಬೇರೆ ಶಾಲೆಯ ಪ್ರಶ್ನೆಪತ್ರಿಕೆ ಯಾರಿಂದಲೋ ಇಸಿದುಕೊಂಡು ಬಂದು, ಗಡಿಯಾರ ಎದುರಿಗಿಟ್ಟುಕೊಂಡು, ಕೋಣೆಯ ಬಾಗಿಲು ಹಾಕಿ ಮೂರು ಗಂಟೆ ಕೂತು ತನಗೆ ತಾನೇ ಪರೀಕ್ಷೆ ಮಾಡಿಕೊಂಡಳು. ನಾನು ಹೊರಗೆ ನಿಂತಿದ್ದೆ. ಬಾಗಿಲು ತೆಗೆದಾಗ ಕೇಳಿದೆ, ‘ಎಷ್ಟು ಬಂತೇ?’

‘ನಿನಗ್ಯಾಕೆ?’ ಅಂದಳು.

ಅಕ್ಕ